ಉಜ್ಜಿದ ನಳಿಗೆ, ಉಬ್ಬಿದ ಚಿಪ್ಪು

ನನ್ನ ಮೇಜಿನ ಮೇಲೆ ಒಂದು ಛಾಯಾಚಿತ್ರವಿದೆ. ಬಿಳಿಯ ಕಾಗದದ ಮೇಲೆ ಹತ್ತು ಹಿತ್ತಾಳೆಯ ಚಿಪ್ಪುಗಳನ್ನು ಸಾಲಾಗಿ ಇಟ್ಟು ತೆಗೆದ ಚಿತ್ರ. ಒಂದೊಂದು ಚಿಪ್ಪೂ 17 ಮಿಲಿಮೀಟರ್ ಉದ್ದದ್ದು, ಪಿಸ್ತೂಲಿನಿಂದ ಹಾರಿಸಿಯಾದ ಮೇಲೆ ಉಳಿಯುವ ಖಾಲಿ ತೋಟಾ. ಎಡಗಡೆಯ ನಾಲ್ಕು ಚಿಪ್ಪುಗಳು ಸರಳವಾಗಿ, ದುಂಡಾಗಿ ಇವೆ. ನಂತರದ ಐದರ ಬುಡದಲ್ಲಿ, ಒಂದೇ ಮಗ್ಗುಲಲ್ಲಿ, ಬಿದಿಗೆಯ ಚಂದ್ರನಂತಹ ಒಂದು ಉಬ್ಬು ಕಾಣಿಸುತ್ತದೆ. ಹತ್ತನೆಯದು ಅದೇ ಜಾಗದಲ್ಲಿ ಒಡೆದು ಬಾಯಿ ಬಿಟ್ಟಿದೆ.

ಚಿಪ್ಪುಗಳು ನನ್ನಲ್ಲಿಲ್ಲ, ಚಿತ್ರ ಮಾತ್ರ ಇದೆ. ಖಾಲಿ ತೋಟಾವನ್ನು ನೆನಪಿಗೆಂದು ಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಪಾಡನ್ನು ಬಲ್ಲವನಾದ್ದರಿಂದ, ಅಂತಹ ವಸ್ತುವನ್ನು ಮನೆಗೆ ತರುವ ಅಭ್ಯಾಸ ನನಗಿಲ್ಲ. ಈ ಅಂಕಣವನ್ನು ಓದುವ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರುವುದರಿಂದ ಈ ಮಾತನ್ನು ಮೊದಲೇ ಹೇಳಿದೆ.

ಇದು ಕೆಲವು ವರ್ಷಗಳ ಹಿಂದಿನ ಪ್ರಕರಣ. ಕಕ್ಷಿದಾರನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವನು ಕಂಬಂ ಕಣಿವೆಯವನು. ನಮ್ಮ ಕಣಿವೆಯ ಎಷ್ಟೋ ಮನೆಗಳಂತೆ ಅವನ ಮನೆಯಲ್ಲಿಯೂ ಆಡುವುದು ಕನ್ನಡ, ಬರೆಯುವುದು ತಮಿಳು. ಬೋಡಿನಾಯಕನೂರಿನ ಕಡೆ ಏಲಕ್ಕಿಯ ವ್ಯಾಪಾರಿಯೊಬ್ಬರಲ್ಲಿ ಕಾವಲಿನ ಕೆಲಸಕ್ಕಿದ್ದ. ಏಲಕ್ಕಿಯ ಹರಾಜಿನ ದಿನ ಹಣ ಕೈಬದಲಾಗುವಾಗ ಜೊತೆಗಿರುವುದು, ರಾತ್ರಿ ಬೆಟ್ಟದ ಮೇಲಿನ ಒಣಗುಮನೆಯನ್ನು ಕಾಯುವುದು ಅವನ ಹೊಣೆ. ಮಾಲೀಕರ ಹೆಸರಿನಲ್ಲಿ .32 ಅಳತೆಯ, ಅಂದರೆ 7.65 ಮಿಲಿಮೀಟರಿನ, ಒಂದು ಪಿಸ್ತೂಲಿಗೆ ಪರವಾನಗಿ ಇತ್ತು. ಅದನ್ನು ಮಾಲೀಕರ ಪರವಾಗಿ ಹಿಡಿಯಬಹುದಾದ ಸಹಾಯಕನೆಂದು ಇವನ ಹೆಸರೂ ಪರವಾನಗಿಯಲ್ಲಿ ನಮೂದಾಗಿತ್ತು.

ಒಂದು ಸಂಜೆ ಕಾಡುಹಂದಿಗಳು ಅಂಗಳಕ್ಕೆ ನುಗ್ಗಿದುವು. ಬೆದರಿಸಲೆಂದು ಗುಂಡು ಹಾರಿಸುವಂತೆ ಮಾಲೀಕರು ಹೇಳಿದರು, ಇವನು ಹಾರಿಸಿದ. ಪಿಸ್ತೂಲಿನ ಹಿಡಿ ಸೀಳಿತು, ಕೆಳಗಿದ್ದ ಮ್ಯಾಗಜೀನ್ ಸಿಡಿದು ಹೊರಬಂದಿತು, ಹಿಡಿಯ ಕೆಳಗೆ ಆಸರೆಯಾಗಿದ್ದ ಎಡಗೈಯ ತೋರುಬೆರಳಿನ ತುದಿ ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಮೊದಲ ಗೆಣ್ಣನ್ನು ತೆಗೆಯಬೇಕಾಯಿತು.

ಮಾಲೀಕರು ಮೊದಲ ದಿನ ಕಣ್ಣೀರು ಹಾಕಿದರು. ಹತ್ತನೆಯ ದಿನ, ನಾನು ಗುಂಡು ಹಾರಿಸೆಂದು ಹೇಳಿಯೇ ಇಲ್ಲ, ಅವನು ಎಲ್ಲಿಂದಲೋ ಕಳಪೆ ತೋಟಾ ತಂದು ಹಾಕಿದ್ದಾನೆ ಎಂದರು. ಪೊಲೀಸರು ಇವನ ಮೇಲೆಯೇ ದಂಡ ಸಂಹಿತೆಯ 336ನೆಯ ಕಲಮಿನನ್ವಯ, ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯ ತಂದನೆಂದು, ಪ್ರಕರಣ ದಾಖಲಿಸಿದರು. ಅವನ ಹೇಳಿಕೆಯ ತಮಿಳು ಪ್ರತಿಯನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಪಿಸ್ತೂಲನ್ನು ಒರೆಸುತ್ತಿದ್ದಾಗ ಅದು ಸಿಡಿಯಿತು ಎಂದು ಅದರಲ್ಲಿ ಬರೆದಿತ್ತು. ಒರೆಸುವ ಮಾತೇ ಎಲ್ಲಿಯೂ ಬಂದಿರಲಿಲ್ಲ. ನೀನು ಹೇಳಿದ್ದೇನು ಎಂದು ಕೇಳಿದೆ. ‘ಯಜಮಾನರು ಉಜ್ಜಿಸಿಕೊಂಡು ಬಂದ ಮೇಲೆ ಅದು ಸರಿಯಿಲ್ಲ ಅಂದೆ’ ಎಂದ. ನೋವಿನಲ್ಲಿ, ಅರ್ಧ ಮನೆಯ ಕನ್ನಡ ಅರ್ಧ ತಮಿಳು ಬೆರೆಸಿ ಆಡಿದ ಮಾತು. ಕೇಳಿಸಿಕೊಂಡವರಿಗೆ ಉಜ್ಜುವುದೆಂದರೆ ಬಟ್ಟೆಯಿಂದ ಒರೆಸುವುದೆಂದು ಅರ್ಥವಾಗಿತ್ತು. ಪೊಲೀಸರ ಮುಂದೆ ಕೊಟ್ಟ ಆ ಬಗೆಯ ಹೇಳಿಕೆಗೆ ಸಹಿ ಇರುವುದಿಲ್ಲ, ಅದು ಸ್ವತಂತ್ರ ಸಾಕ್ಷ್ಯವೂ ಅಲ್ಲ. ಆದರೆ ಕಡತದಲ್ಲಿ ಒಮ್ಮೆ ಕುಳಿತ ಮಾತನ್ನು ಎಬ್ಬಿಸುವುದು ಎಷ್ಟು ಕಷ್ಟವೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ತಿಳಿದಿದೆ.

ಉಜ್ಜಿಸಿದ್ದು ಎಂದರೇನು? ಅದನ್ನು ಅರಿಯಲು ನಾನು ಪಿಸ್ತೂಲಿನ ಒಳಗನ್ನು ಕಲಿಯಬೇಕಾಯಿತು. ಕಾನೂನು ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತೋಟಾದಲ್ಲಿ ನಾಲ್ಕು ಅಂಗಗಳಿವೆ: ಮುಂದೆ ಗುಂಡು, ಒಳಗೆ ಮದ್ದು, ಹಿಂಬದಿಯ ನಡುವೆ ಕಿಡಿ ಹೊತ್ತಿಸುವ ರಂಜಕದ ಬಿಲ್ಲೆ, ಇವನ್ನೆಲ್ಲ ಹಿಡಿದಿಟ್ಟ ಹಿತ್ತಾಳೆಯ ಚಿಪ್ಪು. ಸುಮಾರು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಹಿತ್ತಾಳೆ ಅದು. ಮದ್ದು ಹೊತ್ತಿಕೊಂಡಾಗ ಹುಟ್ಟುವ ಅನಿಲದ ಒತ್ತಡವು .32 ತೋಟಾದಲ್ಲಿ ಚದರ ಅಂಗುಲಕ್ಕೆ 20,500 ಪೌಂಡಿನವರೆಗೆ ಏರಬಹುದೆಂಬುದು ತಯಾರಕರು ಒಪ್ಪಿಕೊಂಡ ಮಿತಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಚದರ ಸೆಂಟಿಮೀಟರಿಗೆ 1,400 ಕಿಲೋಗ್ರಾಂಗೂ ಹೆಚ್ಚು. ಕಾರಿನ ಚಕ್ರದೊಳಗೆ ಇರುವುದು ಎರಡು ಕಿಲೋಗ್ರಾಂನ ಆಸುಪಾಸು. ಕಾಗದದಷ್ಟಲ್ಲದಿದ್ದರೂ ಬಲು ತೆಳುವಾದ ಹಿತ್ತಾಳೆ ಇಷ್ಟು ಒತ್ತಡವನ್ನು ತಾನಾಗಿ ತಡೆಯಲಾರದು. ತಡೆಯುವುದು ಅದನ್ನು ಸುತ್ತುವರಿದ ಉಕ್ಕಿನ ಕೋಣೆ, ನಳಿಗೆಯ ಹಿಂಭಾಗ. ಚಿಪ್ಪು ಹಿಗ್ಗಿ ಉಕ್ಕಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ಮುಚ್ಚುತ್ತದೆ, ಒತ್ತಡವಿಳಿದ ಮೇಲೆ ತುಸು ಕುಗ್ಗಿ ಹೊರಬರುತ್ತದೆ. ಇವೆಲ್ಲ ಸೆಕೆಂಡಿನ ಕೆಲವೇ ಸಾವಿರದ ಪಾಲುಗಳಲ್ಲಿ ಮುಗಿಯುತ್ತವೆ.

ಹಿಂಭಾಗವೇ ಬಲವಾಗಿರಬೇಕೆಂಬುದು ಹೊಸ ತಿಳಿವಳಿಕೆಯಲ್ಲ. ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ಫಿರಂಗಿಗಳನ್ನು ನೋಡಿರುತ್ತಾರೆ. ಬಾಯಿಯ ಕಡೆ ಸಣ್ಣಗಿರುವ ಫಿರಂಗಿ ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ. ನಮ್ಮ ದಿಂಡಿಗಲ್ಲಿಗೂ ಈ ವಿದ್ಯೆಯ ನಂಟಿದೆ. 1755ರಲ್ಲಿ ಮೈಸೂರಿನ ಪರವಾಗಿ ದಿಂಡಿಗಲ್ಲಿನ ಫೌಜುದಾರನಾಗಿ ಬಂದ ಹೈದರಾಲಿ, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯೇ ಫಿರಂಗಿದಳವನ್ನೂ ಶಸ್ತ್ರಾಗಾರವನ್ನೂ ಕಟ್ಟಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. 1790ರಲ್ಲಿ ಕೋಟೆ ಬ್ರಿಟಿಷರ ವಶವಾಯಿತು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಶಾಶ್ವತವಾಗಿ ಅವರಿಗೆ ಸೇರಿತು. ದಿಂಡಿಗಲ್ಲಿನಲ್ಲಿ ವಿಚಾರಣೆಯಿದ್ದು ಬೇಗ ಮುಗಿದರೆ ನಾನು ಆ ಬಂಡೆಯನ್ನು ಹತ್ತುವುದುಂಟು; ಕಕ್ಷಿದಾರರಿಗೆ ಮಾತ್ರ ಹೇಳುವುದಿಲ್ಲ.

ಫಿರಂಗಿಯ ಹಿಂಬದಿ ಮುಚ್ಚಿದ್ದು, ಆದ್ದರಿಂದ ಅಲ್ಲಿ ಲೋಹವನ್ನು ಎಷ್ಟು ಬೇಕಾದರೂ ಪೇರಿಸಬಹುದು. ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲಿಗೆ ಆ ಸೌಲಭ್ಯವಿಲ್ಲ. ಅದರ ತೋಟಾಗಳು ಹಿಡಿಯೊಳಗಿನ ಮ್ಯಾಗಜೀನಿನಲ್ಲಿ, ನಳಿಗೆಯ ಮಟ್ಟಕ್ಕಿಂತ ಕೆಳಗೆ ಇರುತ್ತವೆ. ಪ್ರತಿಯೊಂದು ತೋಟಾವೂ ಅಲ್ಲಿಂದ ಮೇಲೇರಿ ಕೋಣೆಯೊಳಗೆ ನುಸುಳಬೇಕು. ಏರುವುದಕ್ಕೆ ಒಂದು ಇಳಿಜಾರು ಬೇಕು. ಆ ಇಳಿಜಾರನ್ನು ಕೋಣೆಯ ಕೆಳತುಟಿಯಲ್ಲಿಯೇ ಕಡಿದು ಮಾಡಿದರೆ, ಅಷ್ಟು ಜಾಗದಲ್ಲಿ ಚಿಪ್ಪಿನ ಬುಡಕ್ಕೆ ಉಕ್ಕಿನ ಆಸರೆ ಇರುವುದಿಲ್ಲ. ಸುತ್ತಲೂ ಗೋಡೆಯಿದ್ದು ಕೆಳಗೆ ಮಾತ್ರ ಕಿಟಕಿ ತೆರೆದ ಕೋಣೆಯಂತೆ. ಆ ಕಿಟಕಿಯಲ್ಲಿ ಹಿತ್ತಾಳೆಯೇ ಒಂಟಿಯಾಗಿ ನಿಂತು ಒತ್ತಡವನ್ನು ತಾಳಬೇಕು. ಅದಕ್ಕೆಂದೇ ಚಿಪ್ಪಿನ ಬುಡವನ್ನು ದಪ್ಪವಾಗಿ ಮಾಡಿರುತ್ತಾರೆ; ಕಿಟಕಿ ಆ ದಪ್ಪದ ಎಲ್ಲೆಯೊಳಗೆ ಇರುವವರೆಗೆ ಏನೂ ಆಗುವುದಿಲ್ಲ. ಇಳಿಜಾರು ಉದ್ದವಾಗಿ, ನಯವಾಗಿ ಇದ್ದಷ್ಟೂ ತೋಟಾ ಸಿಕ್ಕಿಹಾಕಿಕೊಳ್ಳದೆ ಏರುತ್ತದೆ. ಆದರೆ ಉದ್ದವಾದಷ್ಟೂ ಕಿಟಕಿ ದೊಡ್ಡದಾಗಿ, ಚಿಪ್ಪಿನ ತೆಳುಭಾಗದವರೆಗೆ ತೆರೆದುಕೊಳ್ಳುತ್ತದೆ. ಪಿಸ್ತೂಲು ರೂಪಿಸುವವರೆಲ್ಲ ಈ ಎರಡರ ನಡುವೆ ಚೌಕಾಸಿ ಮಾಡಿಯೇ ತೀರಬೇಕು.

ಹೊರದೇಶಗಳಲ್ಲಿಯೂ ಈ ಚೌಕಾಸಿ ತಪ್ಪಿದ್ದುಂಟು. ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಪಿಸ್ತೂಲಿನಲ್ಲಿ ಇಳಿಜಾರಿನ ಒಂದು ಪಾಲು ಚೌಕಟ್ಟಿನಲ್ಲಿದೆ, ಇನ್ನೊಂದು ಪಾಲು ನಳಿಗೆಯಲ್ಲಿ. ಅದರ .45 ತೋಟಾದ ಒತ್ತಡದ ಮಿತಿ 21,000 ಪೌಂಡು. ಆ ಮಟ್ಟಕ್ಕೆ ಕಿಟಕಿ ತೊಂದರೆ ಕೊಡಲಿಲ್ಲ. 1980ರ ದಶಕದಲ್ಲಿ ಗುರಿಸ್ಪರ್ಧೆಯವರು ಅದೇ ಮಾದರಿಯಲ್ಲಿ .38 ಸೂಪರ್ ಎಂಬ ಹೆಚ್ಚು ಒತ್ತಡದ ತೋಟಾಗಳಿಗೆ ಮಿತಿಮೀರಿ ಮದ್ದು ತುಂಬಿ ಹಾರಿಸತೊಡಗಿದಾಗ ಚಿಪ್ಪುಗಳು ಬುಡದಲ್ಲಿ ಒಡೆದುವು. ಇಳಿಜಾರನ್ನು ಪೂರ್ತಿಯಾಗಿ ನಳಿಗೆಯ ಅಂಗವಾಗಿಯೇ ಮಾಡಿ, ಕೋಣೆಯ ಗೋಡೆಯನ್ನು ಹಿಂದಕ್ಕೆ ಚಾಚಿದ ನಳಿಗೆಗಳು ಆ ಮೇಲೆ ಬಳಕೆಗೆ ಬಂದುವು. 1990ರಲ್ಲಿ ಬಂದ .40 ಅಳತೆಯ ತೋಟಾ 35,000 ಪೌಂಡಿನದು. ಅದನ್ನು ಹಾರಿಸುತ್ತಿದ್ದ ಮೊದಮೊದಲ ಗ್ಲಾಕ್ ಪಿಸ್ತೂಲುಗಳ ಚಿಪ್ಪಿನ ಬುಡದಲ್ಲಿ ಬಿಲ್ಲಿನಾಕಾರದ ಉಬ್ಬು ಕಾಣುತ್ತಿದ್ದುದರಿಂದ ಅಲ್ಲಿಯವರು ಅದನ್ನು ‘ಗ್ಲಾಕ್ ನಗೆ’ ಎಂದು ಕರೆದರು. ಒಮ್ಮೆ ನಕ್ಕ ಚಿಪ್ಪಿಗೆ ಮತ್ತೆ ಮದ್ದು ತುಂಬಿ, ಅದೇ ಜಾಗ ಕಿಟಕಿಗೆ ಬರುವಂತೆ ಹಾರಿಸಿದರೆ ಅದು ಒಡೆಯುವ ಸಂಭವ ಹೆಚ್ಚು.

ಇನ್ನು ನಮ್ಮ ಪಿಸ್ತೂಲಿಗೆ ಬರೋಣ. ಅದು ತೋಟಾ ಏರುವಾಗ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮಾಲೀಕರು ಅದನ್ನು ತಾವೇ ದಿಂಡಿಗಲ್ಲಿಗೆ ಒಯ್ದರು. ಕಾವಲುಗಾರ ಕಾರಿನಲ್ಲಿ ಜೊತೆಗಿದ್ದು ಬೇವಿನ ಮರದ ಕೆಳಗೆ ಕಾಯುತ್ತಿದ್ದ. ದಿಂಡಿಗಲ್ಲಿನ ಬೀಗದ ಹೆಸರನ್ನು ಕೇಳದವರಿಲ್ಲ, ಅದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿನ ಕೈಗಳಿಗೆ ಅರ ಹಿಡಿಯುವುದು ಅಕ್ಷರಾಭ್ಯಾಸವಿದ್ದಂತೆ. ಬೀಗದ ಕೆಲಸದಿಂದ ಲೇತಿನ ಕೆಲಸಕ್ಕೆ ಬಂದಿದ್ದ ಒಬ್ಬ ಮುದುಕ ಇಳಿಜಾರನ್ನು ಅರದಿಂದ ಹಿಂದೆ ಮುಂದೆ ಉಜ್ಜಿ, ಕನ್ನಡಿಯಂತೆ ಹೊಳಪು ಕೊಟ್ಟು, 200 ರೂಪಾಯಿ ತೆಗೆದುಕೊಂಡ. ಬೀಗದಲ್ಲಿ ಎಲ್ಲಿ ತೊಡಕಾಗುತ್ತದೋ ಅಲ್ಲಿ ಉಜ್ಜಿದರೆ ಕೀಲಿ ಸರಾಗವಾಗಿ ತಿರುಗುತ್ತದೆ. ಅವನು ಬಲ್ಲ ವಿದ್ಯೆಯ ಪ್ರಕಾರ ಅವನು ಮಾಡಿದ್ದು ಸರಿಯೇ. ತೋಟಾಗಳೂ ಬಳಿಕ ಸರಾಗವಾಗಿ ಏರಿದುವು. ಆದರೆ ಅವನು ತೆಗೆದ ಉಕ್ಕು ತೊಡಕಾಗಿರಲಿಲ್ಲ, ಗೋಡೆಯಾಗಿತ್ತು.

ಇದನ್ನು ನಾನು ಹೇಗೆ ಸಾಬೀತು ಮಾಡಬೇಕು? ಮುದುಕನನ್ನು ಸಾಕ್ಷಿಯಾಗಿ ಕರೆಸಿದ್ದರೆ ಅರ್ಧ ದಿನದ ಕೆಲಸ. ಕರೆಸುವ ಮುನ್ನ 1959ರ ಶಸ್ತ್ರಾಸ್ತ್ರ ಕಾಯಿದೆಯನ್ನು ತೆರೆದೆ. ಅದರ 5ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದಷ್ಟೇ ಅಲ್ಲ, ದುರಸ್ತಿ ಮಾಡುವುದೂ ನಿಷಿದ್ಧ. ಶಿಕ್ಷೆ 25ನೆಯ ಕಲಮಿನಲ್ಲಿದೆ. 2019ರ ತಿದ್ದುಪಡಿಯ ನಂತರ ಅದು ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಕಳ್ಳಸಾಗಣೆಯ ಬಂದೂಕು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಸಂಸತ್ತು ಏರಿಸಿದ ಶಿಕ್ಷೆ ಅದು. 200 ರೂಪಾಯಿಗೆ ಅರ ಉಜ್ಜಿದವನಿಗೂ ಅಕ್ಷರಶಃ ಅನ್ವಯಿಸುತ್ತದೆ. ಅವನು ಮಾಡಿದ್ದು ತಪ್ಪಲ್ಲವೆಂದು ನಾನು ವಾದಿಸುವುದಿಲ್ಲ. ನನ್ನ ಕಕ್ಷಿದಾರನ ಒಂದು ಗೆಣ್ಣಿಗಾಗಿ ಇನ್ನೊಬ್ಬ ಮುದುಕನನ್ನು ಏಳು ವರ್ಷ ಒಳಗೆ ಕಳಿಸುವುದಕ್ಕೆ ನನ್ನ ಮನಸ್ಸೊಪ್ಪಲಿಲ್ಲ. ಕಕ್ಷಿದಾರನನ್ನು ಕೇಳಿದೆ, ಅವನದೂ ಒಪ್ಪಲಿಲ್ಲ. ‘ಆ ಅಜ್ಜನಿಗೇನು ಗೊತ್ತು’ ಎಂದ.

ಉಳಿದದ್ದು ಚಿಪ್ಪುಗಳು. ಹೊಸ ತೋಟಾ ಕೊಳ್ಳುವಾಗ ಹಳೆಯದರ ಲೆಕ್ಕ ಕೇಳಿಯಾರೆಂದು ಮಾಲೀಕರು ಖಾಲಿ ಚಿಪ್ಪುಗಳನ್ನು ಎರಡು ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ತಮ್ಮದೇ ಕೈಬರಹದಲ್ಲಿ ದಿನಾಂಕ ಬರೆದಿಟ್ಟಿದ್ದರು. ಈ ಅಚ್ಚುಕಟ್ಟೇ ಅವರ ವಾದವನ್ನು ಮುರಿಯಿತು.

ಹಾರಿಸಿದ ಚಿಪ್ಪಿನ ಮೇಲೆ ಪಿಸ್ತೂಲು ತನ್ನ ಗುರುತುಗಳನ್ನು ಒತ್ತುತ್ತದೆ: ರಂಜಕದ ಬಿಲ್ಲೆಯ ಮೇಲೆ ಸೂಜಿಯ ಗುಳಿ, ಬುಡದ ಮೇಲೆ ಹಿಂಗೋಡೆಯ ಗೆರೆಗಳು, ಅಂಚಿನಲ್ಲಿ ಎಳೆಯುವ ಕೊಕ್ಕೆಯ ಗೀರು, ಹೊರಗೆಸೆಯುವ ಮೊಳೆಯ ಚುಕ್ಕೆ. ಕೊಕ್ಕೆಯ ಗೀರು ಎಲ್ಲಿದೆಯೆಂದು ನೋಡಿದರೆ ಹಾರಿಸುವ ಕ್ಷಣದಲ್ಲಿ ಚಿಪ್ಪಿನ ಯಾವ ಮಗ್ಗುಲು ಕೆಳಗಿತ್ತೆಂದು ತಿಳಿಯುತ್ತದೆ. ನ್ಯಾಯಾಲಯಗಳಿಗೆ ಈ ಗುರುತುಗಳ ಪರಿಚಯ ಹಳೆಯದು. 1927ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಗಟರಿಜ್ ಎಂಬ ಪೊಲೀಸನ ಕೊಲೆಯಾದಾಗ, ಕಾರಿನಲ್ಲಿ ಸಿಕ್ಕ ಒಂದು ಚಿಪ್ಪಿನ ಬುಡದ ಮೇಲಿನ ಕಲೆಯು ಒಂದು ರಿವಾಲ್ವರಿನ ಹಿಂಗೋಡೆಯ ದೋಷಕ್ಕೆ ಸರಿಹೊಂದಿ ಆರೋಪಿಗಳಿಗೆ ಶಿಕ್ಷೆಯಾಯಿತು. ನಮ್ಮ ಸುಪ್ರೀಂ ಕೋರ್ಟು 1958ರ ವರದಿಗಳಲ್ಲಿರುವ ಕಲುವಾ ಪ್ರಕರಣದಲ್ಲಿ, ಮಂಚದ ಬಳಿ ಬಿದ್ದಿದ್ದ ಚಿಪ್ಪನ್ನೂ ನಾಡಪಿಸ್ತೂಲಿನಿಂದ ಪರೀಕ್ಷೆಗಾಗಿ ಹಾರಿಸಿದ ಚಿಪ್ಪುಗಳನ್ನೂ ಹೋಲಿಸಿದ ತಜ್ಞರ ಸಾಕ್ಷ್ಯವನ್ನು ಒಪ್ಪಿಕೊಂಡಿತು. 1995ರ ಸುಖ್ವಂತ್ ಸಿಂಗ್ ಪ್ರಕರಣದಲ್ಲಿ, ಸಿಕ್ಕ ಚಿಪ್ಪನ್ನೂ ಪಿಸ್ತೂಲನ್ನೂ ತಜ್ಞರಿಗೆ ಕಳಿಸದೆ ಹೋದ ತನಿಖೆಯನ್ನು ಅದೇ ನ್ಯಾಯಾಲಯ ಕಟುವಾಗಿ ಕಂಡಿತು. ಧಾರವಾಡದಲ್ಲಿ 2015ರಲ್ಲಿ ನಡೆದ ಕಲಬುರ್ಗಿಯವರ ಹತ್ಯೆಗೂ ಬೆಂಗಳೂರಿನಲ್ಲಿ 2017ರಲ್ಲಿ ನಡೆದ ಗೌರಿ ಲಂಕೇಶರ ಹತ್ಯೆಗೂ ಒಂದೇ 7.65 ಮಿಲಿಮೀಟರಿನ ನಾಡಪಿಸ್ತೂಲು ಬಳಕೆಯಾಗಿದೆಯೆಂಬ ತನಿಖಾಧಿಕಾರಿಗಳ ಮಾತಿಗೂ ಇಂತಹ ಹೋಲಿಕೆಯೇ ಆಧಾರ.

ಆ ಪ್ರಕರಣಗಳಲ್ಲಿ ಕೇಳುವ ಪ್ರಶ್ನೆ, ಹಾರಿಸಿದ್ದು ಯಾವ ಪಿಸ್ತೂಲು ಎಂಬುದು. ನಮ್ಮಲ್ಲಿ ಪಿಸ್ತೂಲು ಯಾವುದೆಂಬ ವಿವಾದವಿರಲಿಲ್ಲ. ಒಡೆದದ್ದು ತೋಟಾದ ದೋಷದಿಂದಲೋ ನಳಿಗೆಯ ದೋಷದಿಂದಲೋ ಎಂಬುದಷ್ಟೇ ಪ್ರಶ್ನೆ. ತೋಟಾ ಕೆಟ್ಟದ್ದಾಗಿದ್ದರೆ ಆ ಒಂದು ಚಿಪ್ಪು ಮಾತ್ರ ಕೆಡಬೇಕು. ಇಲ್ಲಿ ಹಳೆಯ ಪೊಟ್ಟಣದ ನಾಲ್ಕೂ ಚಿಪ್ಪುಗಳು ದುಂಡಗಿದ್ದುವು. ಹೊಸ ಪೊಟ್ಟಣದ ಐದೂ ಕೆಳಮಗ್ಗುಲಿನಲ್ಲೇ ಉಬ್ಬಿದ್ದುವು. ಒಡೆದ ಹತ್ತನೆಯದು ಅದೇ ಜಾಗದಲ್ಲಿ ಒಡೆದಿತ್ತು. ಹತ್ತರ ಬುಡದಲ್ಲಿಯೂ ಒಂದೇ ಕಾರ್ಖಾನೆಯ ಮುದ್ರೆಯಿತ್ತು. ಪೊಲೀಸರೇ ಕಳಿಸಿದ್ದರಿಂದ ಪಿಸ್ತೂಲು ಸರಕಾರಿ ಪ್ರಯೋಗಾಲಯಕ್ಕೆ ಹೋಗಿತ್ತು. ಎರಡು ಪುಟದ ವರದಿ ಬಂದಿತು: ಕೋಣೆಯ ಕೆಳತುಟಿಯಲ್ಲಿ ತಯಾರಿಕೆಯ ಕಾಲದ್ದಲ್ಲದ ಅರದ ಗೆರೆಗಳಿವೆ, ಆ ಭಾಗದಲ್ಲಿ ಚಿಪ್ಪಿಗೆ ಸಾಕಷ್ಟು ಆಸರೆಯಿಲ್ಲ, ಅಪಾಯವಿರುವುದರಿಂದ ಪರೀಕ್ಷಾರ್ಥ ಹಾರಿಸಿಲ್ಲ. ಯಾರು ಉಜ್ಜಿದರೆಂದು ಪ್ರಯೋಗಾಲಯ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಪೊಲೀಸರು ಕಡತವನ್ನು ಮುಚ್ಚಿದರು.

ಪರಿಹಾರದ ಅರ್ಜಿ ಮಾತ್ರ ಉಳಿಯಿತು. ಅಲ್ಲಿ ಎದುರು ಪಕ್ಷದ ವಕೀಲರು, ಹಿರಿಯರು, ನಾನು ನಿರೀಕ್ಷಿಸದ ಒಂದು ಪ್ರಶ್ನೆ ಹಾಕಿದರು. ಪ್ರತಿ ರಾತ್ರಿ ಕೋಣೆಯಿಂದ ತೋಟಾ ತೆಗೆದು ಬೆಳಗ್ಗೆ ಅದನ್ನೇ ಮತ್ತೆ ಏರಿಸುತ್ತಿದ್ದೆಯಾ ಎಂದು. ಹೌದು ಎಂದ ಇವನು. ಅದರಲ್ಲಿ ಹುರುಳಿತ್ತು. ಒಂದೇ ತೋಟಾ ಮತ್ತೆಮತ್ತೆ ಇಳಿಜಾರಿಗೆ ಬಡಿದರೆ ಗುಂಡು ಕೂದಲೆಳೆಯಷ್ಟು ಚಿಪ್ಪಿನೊಳಗೆ ಜಾರುತ್ತದೆ; ಒಳಗಿನ ಜಾಗ ಕಿರಿದಾಗಿ, ಅದೇ ಮದ್ದು ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ. ಹತ್ತನೆಯ ತೋಟಾ ಅಂತಹದೇ ಇದ್ದಿರಬಹುದು. ಉಬ್ಬಿದ ಐದು ಒಡೆಯದೆ ಉಳಿದು ಇದೊಂದು ಒಡೆದದ್ದಕ್ಕೆ ಅದೇ ಕಾರಣವಿದ್ದರೂ ಇರಬಹುದೆಂದು ನಾನೂ ಒಳಗೊಳಗೆ ಒಪ್ಪಿದೆ. ಆದರೆ ರಾತ್ರಿ ತೆಗೆದು ಬೆಳಗ್ಗೆ ಏರಿಸುವುದು ಮಾಲೀಕರದೇ ಆಜ್ಞೆಯಾಗಿತ್ತು. ತೋಟಾಗಳನ್ನು ಸರದಿಯಲ್ಲಿ ಬದಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಗ ಜಾರಿಯಲ್ಲಿದ್ದ 1923ರ ಕಾಯಿದೆಯ 3ನೆಯ ಕಲಮಿನ ಪ್ರಕಾರ ಮಾಲೀಕ ಹೊಣೆಯಿಂದ ಜಾರಿಕೊಳ್ಳಬೇಕಾದರೆ ಕುಡಿತವನ್ನೋ ಸುರಕ್ಷತೆಯ ಆಜ್ಞೆಯ ಉದ್ದೇಶಪೂರ್ವಕ ಉಲ್ಲಂಘನೆಯನ್ನೋ ತೋರಿಸಬೇಕಿತ್ತು. ಆಜ್ಞೆಯನ್ನು ಪಾಲಿಸಿದ್ದು ಉಲ್ಲಂಘನೆಯಾಗಲಾರದು. ಪರವಾನಗಿಯ ಪಿಸ್ತೂಲು ಮನೆಯಲ್ಲಿರುವ ಓದುಗರು ಈ ಸರದಿಯ ಮಾತನ್ನು ನೆನಪಿಡಿ, ತೊಡಕಿದ್ದರೆ ಪರವಾನಗಿಯುಳ್ಳ ದುರಸ್ತಿಗಾರನ ಬಳಿಗೇ ಒಯ್ಯಿರಿ.

ಆ ಕಾಯಿದೆಯ ಅನುಸೂಚಿ ಬೆರಳುಗಳಿಗೂ ಬೆಲೆ ಕಟ್ಟಿತ್ತು. ತೋರುಬೆರಳು ಪೂರ್ತಿ ಹೋದರೆ ನೂರಕ್ಕೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9. ಅವನಿಗೆ 35 ವರ್ಷ, ಸಂಬಳ 12,000 ರೂಪಾಯಿ. ಸಂಬಳದ ನೂರಕ್ಕೆ 60 ಪಾಲನ್ನು ಆ ವಯಸ್ಸಿಗೆ ನಿಗದಿಯಾದ 197.06ರಿಂದ ಗುಣಿಸಿ, ಅದರ ನೂರಕ್ಕೆ 9 ತೆಗೆದರೆ 1,27,695 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ಛಾಯಾಚಿತ್ರವನ್ನೂ ಪೊಟ್ಟಣಗಳ ಮೇಲಿನ ಕೈಬರಹವನ್ನೂ ನೋಡಿದ ಮೇಲೆ ಮಾಲೀಕರು ತೀರ್ಪಿಗೆ ಕಾಯದೆ ಒಪ್ಪಂದಕ್ಕೆ ಬಂದರು. 28ನೆಯ ಕಲಮಿನಂತೆ ಅದನ್ನು ಆಯುಕ್ತರ ಮುಂದೆ ನೋಂದಾಯಿಸಿದೆವು. ಪಿಸ್ತೂಲನ್ನು ಮಾಲೀಕರು ಠಾಣೆಗೆ ಒಪ್ಪಿಸಿ ಮತ್ತೆ ಕೇಳಲಿಲ್ಲ.

ಒಪ್ಪಂದದ ಪತ್ರ ತಮಿಳಿನಲ್ಲಿತ್ತು. ಸಹಿಗೆ ಮುಂಚೆ ಒಂದೊಂದು ಸಾಲನ್ನೂ ಮನೆಯ ಕನ್ನಡದಲ್ಲಿ ಅವನಿಗೆ ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ‘ಉಜ್ಜಿಸಿದ್ದು ಇದರಲ್ಲಿ ಎಲ್ಲಿಯೂ ಬರಲಿಲ್ಲವಲ್ಲ’ ಎಂದ. ಬೇಕೆಂದೇ ಬಿಟ್ಟಿದ್ದೇನೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದ, ಆಮೇಲೆ ಸಹಿ ಹಾಕಿದ.